ಕೇಳದೆ ತೆಗೆದ ಕೈ

“ಸಮುದ್ರ ವಾಪಸ್ ಕೊಡದವನನ್ನ ಬದುಕಿರೋರ ಪಕ್ಕ ನಿಲ್ಲಿಸ್ಬೇಡ ಮಗಳೇ. ಅವನಿಗೆ ಅಂತ ಏನು ತಗೊಂಡ್ರೂ ಅದು ಅವನದೇ ಆಗಿಬಿಡುತ್ತೆ,” ಎಂದಳು ಸಾನ್ನಾ ಮುದುಕಿ.

ಬಿರ್ನಾ ನಕ್ಕುಬಿಟ್ಟಳು. “ಇದು ಕಂಪ್ಯೂಟರು ಅಜ್ಜಿ. ದೆವ್ವ ಬಂದ್ರೆ ಅಳಿಸಿಬಿಡ್ತೀನಿ.”

ಗಂಡ ರೋಯಿಯ ಹಿಂದೆ ಕೋಪನ್‌ಹೇಗನ್ನಿನಿಂದ ಫ್ಯಾರೋ ದ್ವೀಪಗಳ ಈ ಹಳ್ಳಿಗೆ ಬಂದು ಅವಳಿಗಿನ್ನೂ ವರ್ಷ ತುಂಬಿರಲಿಲ್ಲ. ಹೆಣ ಸಿಗದೆ ಮುಳುಗಿಹೋದವರ ಚಿತ್ರವನ್ನು ಇಲ್ಲಿ ಕಡಲ ಕಡೆಯ ಗೋಡೆಗೆ ಒಂಟಿಯಾಗಿ ತೂಗುಹಾಕುತ್ತಾರೆ. ಪಕ್ಕದಲ್ಲಿ ಇನ್ನೊಂದು ಮೊಳೆಯನ್ನೂ ಹೊಡೆಯುವುದಿಲ್ಲ. ಸಾನ್ನಾಳ ಮಗ ಹಾನುಸ್ ಹಾಗೆ ಏಳು ವರ್ಷದಿಂದ ಒಬ್ಬನೇ ತೂಗುತ್ತಿದ್ದ. ಮೊನ್ನೆ ಮದುವೆಯಾದ ಅವನ ತಂಗಿ, ಮನೆಯವರೆಲ್ಲ ಕೂತ ಫೋಟೋದಲ್ಲಿ ಅಣ್ಣನೂ ಇರಲೇಬೇಕೆಂದು ಹಟ ಹಿಡಿದಿದ್ದಳು.

ಆ ಕೆಲಸ ಒಪ್ಪಿಕೊಂಡ ಬಿರ್ನಾ ಫೋಟೋ ತಿದ್ದುವ ಕಸುಬು ಬಲ್ಲವಳು. ಕಲಿತ ಕೈಗೆ ಸೊಕ್ಕೂ ಜಾಸ್ತಿ. ಹಾನುಸ್‌ನನ್ನು ಹಳೆಯ ಚಿತ್ರದಿಂದ ಕತ್ತರಿಸಿ, ತಂಗಿಯ ಹಿಂದೆ ನಿಲ್ಲಿಸಿ, ಅಂಚುಗಳನ್ನು ಮೆದುಮಾಡಿ, ಕಿಟಕಿಯ ಬೆಳಕನ್ನು ಅವನ ಕೆನ್ನೆಗೂ ಹಚ್ಚಿದಳು. ಒಂದೇ ಕೊರತೆ: ಹಳೆಯ ಚಿತ್ರದಲ್ಲಿ ಅವನ ಬಲಗೈ ಬಿದ್ದಿರಲಿಲ್ಲ. ರೋಯಿಯ ಒಂದು ಫೋಟೋದಿಂದ ಕೈ ತೆಗೆದು ಜೋಡಿಸಿದಳು. ತಂಗಿಯ ಭುಜದ ಮೇಲೆ ಅದು ಮೊದಲಿನಿಂದಲೂ ಅಲ್ಲೇ ಇದ್ದಂತೆ ಕೂತಿತು. ಚಿತ್ರದ ಪದರಗಳನ್ನೆಲ್ಲ ಮತ್ತೆ ಬಿಡಿಸಲಾಗದಂತೆ ಒಂದಾಗಿಸಿ ಉಳಿಸಿದಳು.

ಮರುದಿನ ಮೀನಿನ ಕಾರ್ಖಾನೆಯಿಂದ ರೋಯಿ ಮಧ್ಯಾಹ್ನಕ್ಕೇ ಮನೆಗೆ ಬಂದ. “ಚಾಕು ಹಿಡಿಯೋಕೇ ಆಗ್ತಿಲ್ಲ ಕಣೇ. ಈ ಕೈ ನಂದೇ ಅಲ್ಲ ಅನ್ನಿಸ್ತಿದೆ.”

ಬಲಗೈ ನೀರಲ್ಲಿ ನೆನೆದಂತೆ ಬಿಳುಚಿ ಸುಕ್ಕಾಗಿತ್ತು. ಒಣಗಲು ಕಟ್ಟಿದ್ದ ಕುರಿಮಾಂಸದ ಘಾಟನ್ನೂ ಮೀರಿ ಕೊಳೆತ ಕಡಲಪಾಚಿಯ ವಾಸನೆ ಮನೆ ತುಂಬಿತು. ಮೂರನೆಯ ದಿನ ನೀಲಿ ಬಣ್ಣ ಮೊಣಕೈ ದಾಟಿತು. ವೈದ್ಯರಿಗೆ ತಲೆಬುಡ ತಿಳಿಯಲಿಲ್ಲ. “ಇದೇನಾಯ್ತೋ!” ಎಂದು ರೋಯಿ ಅಂದಾಗಲೆಲ್ಲ ಬಿರ್ನಾ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಳ್ಳುತ್ತಿದ್ದಳು.

ಅವನಿಗೆ ತಿಳಿಸದೆ ಕಂಪ್ಯೂಟರ್ ತೆರೆದಳು. ಆ ಕೈಯನ್ನು ಅಳಿಸತೊಡಗಿದಳು. ಕಿರುಬೆರಳು ಅಳಿಯಿತು. ಒಳಗಿನಿಂದ ರೋಯಿ ಚೀರಿದ. ಓಡಿದಳು. ಅವನ ಕಿರುಬೆರಳು ಇರಲಿಲ್ಲ. ರಕ್ತವೂ ಇರಲಿಲ್ಲ. ಬುಡದಿಂದ ಉಪ್ಪುನೀರು ತೊಟ್ಟಿಕ್ಕುತ್ತಿತ್ತು. ನೀಲಿ ಭುಜಕ್ಕೆ ಏರುತ್ತಿತ್ತು.

ಅಳಿಸುವಂತಿಲ್ಲ. ಬದಲಿಸಬೇಕು. ಇನ್ನೊಂದು ಕೈ ಬೇಕು. ಬೇಗ. ತನ್ನ ಬಲಗೈ ನೋಡಿಕೊಂಡಳು. ಇದಿಲ್ಲದೆ ಕೆಲಸ ಮಾಡುವುದು ಹೇಗೆ? ಅದೇ ಚಿತ್ರದ ಮುಂದಿನ ಸಾಲಿನಲ್ಲಿ ಸಾನ್ನಾ ಕೂತಿದ್ದಳು. ಮಡಿಲಲ್ಲಿ ಬಲಗೈ. ಮುದುಕಿ ತಾನೆ. ಇನ್ನೆಷ್ಟು ದಿನ! ನಕಲು ಮಾಡಿದಳು. ರೋಯಿಯ ಕೈ ಇದ್ದ ಜಾಗಕ್ಕೆ ಅಂಟಿಸಿದಳು. ಉಳಿಸಿದಳು.

ರೋಯಿಯ ಕೈಗೆ ಮತ್ತೆ ರಕ್ತ ಹರಿಯಿತು.

ಭಾನುವಾರ ರೋಯಿಯೊಂದಿಗೆ ಹೋದ ಬಿರ್ನಾಳಿಗೆ ಚರ್ಚಿನ ಬಾಗಿಲಲ್ಲಿ ಸಾನ್ನಾ ಎದುರಾದಳು. ಅವಳ ಉಣ್ಣೆಯಂಗಿಯ ಬಲತೋಳು ತೊಯ್ದು ನೀರಿಳಿಯುತ್ತಿತ್ತು. ಆ ಕೈ ಮಾತ್ರ ಮುಂದಕ್ಕೆ ಚಾಚಿತ್ತು, ಯಾರೋ ಹಿಡಿದು ಕರೆದೊಯ್ಯುತ್ತಿರುವಂತೆ.

“ಅಜ್ಜಿ, ನಾನು…”

“ಗೊತ್ತು ಮಗಳೇ.” ಮುದುಕಿಯ ಮುಖದಲ್ಲಿ ಸಿಟ್ಟಿರಲಿಲ್ಲ. ಅದನ್ನೇ ಬಿರ್ನಾಳಿಗೆ ಸಹಿಸಲಾಗಲಿಲ್ಲ. “ನನ್ನ ಮಗ ಅವನು. ಒಂದು ಮಾತು ಕೇಳಿದ್ರೆ ನಾನೇ ಕೊಡ್ತಿದ್ದೆ. ಕೇಳ್ಬೇಕಾಗಿತ್ತು ನೀನು.”

ಮೆಟ್ಟಿಲಿಳಿದು ಅವಳು ಕಡಲ ದಾರಿ ಹಿಡಿದಳು. ಬಿರ್ನಾ ಕೂಗಲಿಲ್ಲ, ಹಿಂದೆ ಓಡಲಿಲ್ಲ. ರೋಯಿಯ ನಾಲ್ಕು ಬೆರಳಿನ ಬೆಚ್ಚನೆಯ ಕೈ ಅವಳ ಕೈಯನ್ನು ಹಿಡಿದುಕೊಂಡಿತ್ತು. ಬಿಡಿಸಿಕೊಳ್ಳಲು ಅವಳಿಗೆ ಮನಸ್ಸಾಗಲಿಲ್ಲ.