ಬಡಿಸುವವಳ ಓಣಿ

“ನಿಂಬರ್ಗಾದಾಗ ನಿಮ್ಮ ಮನಿ ಯಾವ ಓಣ್ಯಾಗ ಬರ್ತದ?”

ರೊಟ್ಟಿ ಬುಟ್ಟಿ ಹಿಡಿದು ಬಾಗಿದ್ದ ಪಂಚಶೀಲಾಳ ಕೈ ಅಲ್ಲೇ ನಿಂತಿತು.

ಕೇಳಿದವನು ಧರ್ಮರಾಜ ಸಾವಕಾರ. ಅಫಜಲಪುರದ ತೊಗರಿ ವ್ಯಾಪಾರಿ. ಆಳಂದದ ಕಡೆ ಬಂದಾಗಲೆಲ್ಲ ನಾಲ್ವರನ್ನು ಕಟ್ಟಿಕೊಂಡು ಕಡಗಂಚಿಯ ಈ ಖಾನಾವಳಿಯಲ್ಲೇ ಊಟ. ಅವನು ಕೂಗಿದರೆ ರಸ್ತೆಯಲ್ಲಿ ಹೋಗುವವರೂ ತಿರುಗಿ ನೋಡಬೇಕು. ಪಲ್ಲೆಗೆ ಉಪ್ಪು ಹೆಚ್ಚಾಯಿತೆಂದು ತಾಟು ದೂಡುವುದು, ನೀರು ತಡವಾಯಿತೆಂದು ಟೇಬಲ್ ಗುದ್ದುವುದು... ಎಂಟು ತಿಂಗಳಿಂದ ಪಂಚಶೀಲಾ ಎಲ್ಲ ಕಂಡವಳೇ. ಗಿರಾಕಿ ಅಂದಮೇಲೆ ಇದೆಲ್ಲ ಇದ್ದದ್ದೇ ಎಂದು ನುಂಗಿಕೊಂಡವಳೇ.

ಹೋದ ವಾರ ಮಾತ್ರ ಅವಳು ಒಂದು ಮಾತು ಆಡಿದ್ದಳು. ಅವನು ಉಂಡ ತಾಟಿನಲ್ಲೇ ಕೈ ತೊಳೆಯಲು ಹೋದಾಗ, ಗೋಡೆಯ ಬೋರ್ಡು ತೋರಿಸಿ, “ತಾಟಿನ್ಯಾಗ ಕೈ ತೊಳೀಬ್ಯಾಡ್ರಿ ಸಾವಕಾರ್ರ, ನಳ ಅಲ್ಲಿ ಅದರಿ” ಅಂದಿದ್ದಳು. ಅಷ್ಟೇ! ಆ ಸಿಟ್ಟನ್ನು ಏಳು ದಿನ ಹೊಟ್ಟೆಯಲ್ಲಿಟ್ಟುಕೊಂಡು ಇವತ್ತು ಅವನು ಓಣಿ ಕೇಳುತ್ತಿದ್ದ.

ಈ ಸೀಮೆಯಲ್ಲಿ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಊರು ಕೇಳಿದರೆ ಊರಷ್ಟೇ ಕೇಳಿದಂತೆ. ಓಣಿ ಕೇಳಿದರೆ ಜಾತಿ ಕೇಳಿದಂತೆ.

‘ಬೇರೆ ಯಾವುದೋ ಓಣಿಯ ಹೆಸರು ಹೇಳಿದರಾಯಿತು... ಯಾರು ನೋಡಲು ಬರುತ್ತಾರೆ?’ ಎಂದು ಮನಸ್ಸಿನ ಒಂದು ಮೂಲೆ ಪಿಸುಗುಟ್ಟಿತು. ಆದರೆ ಸುಳ್ಳು ಹೇಳಿ ಯಾರನ್ನು ಮುಚ್ಚಿಡಬೇಕು? ಹೆತ್ತ ಅವ್ವನನ್ನೇ?

“ಬುದ್ಧವಿಹಾರದ ಓಣಿ ರೀ,” ಅಂದಳು.

ಧರ್ಮರಾಜ ಕೈಯಲ್ಲಿದ್ದ ತುತ್ತನ್ನು ತಾಟಿಗೆ ಬಿಟ್ಟ. ಒಂದೇ ಬೆರಳಿನಿಂದ ತಾಟನ್ನು ದೂರ ಸರಿಸಿದ.

“ಏ ಗುರುಶಾಂತ! ನಿಮ್ಮ ಖಾನಾವಳ್ಯಾಗ ಬಡಿಸಲಿಕ್ಕ ಬ್ಯಾರೆ ಯಾರೂ ಸಿಗಲಿಲ್ಲೇನು?”

ಉಣ್ಣುತ್ತಿದ್ದವರೆಲ್ಲ ತಲೆ ಎತ್ತಿದರು. ಪಂಚಶೀಲಾಳೂ ಗಲ್ಲಾದ ಕಡೆ ತಿರುಗಿದಳು. ಅಲ್ಲಿ ಕೂತಿದ್ದವನು ಗುರುಶಾಂತ. ಖಾನಾವಳಿ ನಡೆಸುವ ಗೌರಾಬಾಯಿಯ ಮಗ. ಮತ್ತು... ಎರಡು ವಾರದ ಹಿಂದೆ ಬಸ್ ನಿಲ್ದಾಣದ ಬೇವಿನ ಗಿಡದ ಕೆಳಗೆ, “ಜಲ್ದಿನೇ ಅವ್ವಗ ನಮ್ಮ ವಿಷಯ ಹೇಳ್ತೇನಿ” ಎಂದು ಅವಳಿಗೆ ಮಾತು ಕೊಟ್ಟವನು.

‘ಈಗ ಹೇಳುತ್ತಾನೆ... ಈಗ ಒಂದು ಮಾತು ಹೇಳುತ್ತಾನೆ...’

ಗುರುಶಾಂತ ದಡಬಡಿಸಿ ಎದ್ದು ಬಂದ. ಮುಖ ಬಿಳಿಚಿತ್ತು. ಅವಳ ಕಣ್ಣು ನೋಡದೆ ಕೈಯಲ್ಲಿದ್ದ ರೊಟ್ಟಿ ಬುಟ್ಟಿ ತೆಗೆದುಕೊಂಡ.

“ನೀ ಒಳಗ ಹೋಗು, ಪಂಚಶೀಲಾ.”

ಅಷ್ಟು ಹೇಳಿ, ಬೇರೆ ತಾಟು ತಂದು, ತಾನೇ ಧರ್ಮರಾಜನಿಗೆ ಬಡಿಸತೊಡಗಿದ!

ಅವಳು ಒಳಗೆ ಹೋದಳು. ಒಲೆಯ ಮುಂದೆ ಗೌರಾಬಾಯಿ ರೊಟ್ಟಿ ಬಡಿಯುತ್ತಿದ್ದಳು. ಎಲ್ಲ ಕೇಳಿಸಿತ್ತು ಅವಳಿಗೂ. ಬಡಿಯುವ ಸದ್ದು ಒಂದು ಗಳಿಗೆ ನಿಂತಿತು, ಮತ್ತೆ ಶುರುವಾಯಿತು. ತಲೆ ಮಾತ್ರ ಮೇಲೇಳಲಿಲ್ಲ.

ಆಗ ಬಂತು ಅಳು! ಪಂಚಶೀಲಾ ಗೂಟಕ್ಕೆ ಹಾಕಿದ್ದ ಚೀಲ ತೆಗೆದುಕೊಂಡು ಹಿಂದಿನ ಬಾಗಿಲಿನಿಂದ ಹೊರಬಿದ್ದಳು.

ಬಸ್ಸಿನ ಕಿಟಕಿಗೆ ತಲೆ ಆನಿಸಿ ಕೂತಾಗ ಬೇಡವೆಂದರೂ ಮೊದಲ ದಿನ ನೆನಪಾಯಿತು.

ಗೌರಾಬಾಯಿಯ ಖಾನಾವಳಿಗೆ ಒಂದು ರಿವಾಜು ಉಂಟು. ‘ಸಾಕಾ, ಬೇಕಾ’ ಎಂದು ಯಾರನ್ನೂ ಕೇಳುವಂತಿಲ್ಲ. ಉಣ್ಣುವವರು ತಾಟಿನ ಮೇಲೆ ಕೈ ಅಡ್ಡ ಇಡುವವರೆಗೂ ರೊಟ್ಟಿ ಬೀಳುತ್ತಲೇ ಇರಬೇಕು. ಕೆಲಸಕ್ಕೆ ಸೇರಿದ ದಿನ ಪಂಚಶೀಲಾ ಮೊದಲು ಬಡಿಸಿದ್ದು ಗುರುಶಾಂತನಿಗೇ. ಮಹಾರಾಯ ಅವಳ ಮುಖ ನೋಡುತ್ತ ಕೈ ಅಡ್ಡ ಇಡುವುದನ್ನೇ ಮರೆತು ಆರು ರೊಟ್ಟಿ ತಿಂದಿದ್ದ! ಸಂಜೆವರೆಗೆ ಹೊಟ್ಟೆ ಹಿಡಿದುಕೊಂಡು ತಿರುಗಿದ್ದ. “ಕೈ ಇಡ್ರಿ, ಇಲ್ಲಾಂದ್ರ ಸಾಯ್ತೀರಿ” ಎಂದು ಅವಳು ನಕ್ಕಿದ್ದೇ ನಕ್ಕಿದ್ದು.

ನಿಂಬರ್ಗಾ ಬಂದಾಗ ಕಣ್ಣೊರೆಸಿಕೊಂಡು ಇಳಿದಳು.

ಮೂರು ದಿನ ಫೋನು ಹೊಡೆದುಕೊಂಡಿತು. ಅವಳು ಎತ್ತಲಿಲ್ಲ. ನಾಲ್ಕನೆಯ ದಿನ ಗುರುಶಾಂತ ತಾನೇ ಬಂದ. ಪಂಚಶೀಲಾ ತನ್ನ ಅವ್ವ ಸಾಬವ್ವನ ಜೊತೆ ತೊಗರಿ ಕಟಾವಿಗೆ ಹೋಗಿದ್ದಳು. ಬದುವಿನ ಮೇಲೆ ಬೈಕು ನಿಲ್ಲಿಸಿ, ಕೊಯ್ದ ಹೊಲದ ಕೂಳೆ ಕಡ್ಡಿಗಳ ನಡುವೆ ಕಾಲೆತ್ತಿಡುತ್ತ ಅವನು ಬಂದು ನಿಂತ. ಗಡ್ಡ ಬೆಳೆದಿತ್ತು. ಕಣ್ಣು ಒಳಗೆ ಹೋಗಿದ್ದವು.

“ತಪ್ಪಾತು, ಪಂಚಶೀಲಾ.”

“ಏನು ತಪ್ಪಾತ್ರಿ?” ಅವಳು ಕುಡುಗೋಲು ಕೆಳಗಿಡಲಿಲ್ಲ.

“ಆ ಮನುಷ್ಯ ಇನ್ನೂ ಏನರ ಅಂತಾನ, ನಿನಗ ಅಳಸ್ತಾನ ಅನಸ್ತು. ನಿನ್ನ ಕಣ್ಣಾಗಿನ ನೀರು ಆಂವಗ ಕಾಣಬಾರದು ಅಂತ... ಒಳಗ ಹೋಗು ಅಂದೆ.”

“ನನ್ನ ಕಣ್ಣಾಗ ನೀರು ಇರಲಿಲ್ಲರಿ. ಒಳಗ ಹೋದ ಮ್ಯಾಲ ಬಂತು.”

ಗುರುಶಾಂತ ತಲೆ ತಗ್ಗಿಸಿದ.

“ನಮ್ಮವ್ವಗ ಮಂದಿ ಹೊರಗ ನಿಂದ್ರು ಅಂತಿದ್ರು. ನೀವು ನನಗ ಒಳಗ ಹೋಗು ಅಂದ್ರಿ. ನನಗ ಎರಡೂ ಒಂದೇ ಅನಸ್ತದ.”

“ಹಂಗ ಅನಬ್ಯಾಡ... ನನ್ನ ಮನಸ್ಸಿನ್ಯಾಗ ಹಂಗ ಇರಲಿಲ್ಲ.”

“ನಿಮ್ಮ ಮನಸ್ಸು ಆಂವಗ ಕಾಣಲಿಲ್ಲರಿ. ನೀವು ಬಡಿಸಿದ್ದು ಕಾಣಸ್ತು.” ಅವಳು ಒಂದು ಗಿಡ ಕೊಯ್ದು ಬದಿಗಿಟ್ಟಳು. “ನಾಳಿ ನಿಮ್ಮ ಮನಿಗಿ ನಾ ಸೊಸಿ ಆಗಿ ಬಂದೆ ಅಂತ ತಿಳ್ಕೋರಿ. ಬೀಗರು ಬಂದಾಗ, ಮಂದಿ ಬಂದಾಗ, ಒಳಗ ಹೋಗು ಪಂಚಶೀಲಾ ಅಂತೀರಿ. ಪ್ರೀತಿಲಿಂದನೇ ಅಂತೀರಿ! ಅಂಥಾ ಮನಿಗಿ ನಾ ಯಾಕ ಬರ್ಲಿ?”

ಗುರುಶಾಂತ ಬಂದ ದಾರಿಯಲ್ಲೇ ತಿರುಗಿ ಹೋದ. ಬೈಕಿನ ಸದ್ದು ಕರಗುವವರೆಗೂ ಅವಳು ಬೆನ್ನು ತಿರುಗಿಸಿಯೇ ನಿಂತಿದ್ದಳು. ‘ಹೋಗಲಿ...’ ಅಂದುಕೊಂಡಳು. ಎದೆ ಮಾತ್ರ ಅವನ ಹಿಂದೆಯೇ ಹೋದಂತಿತ್ತು.

ತೊಗರಿಯ ಕಟ್ಟು ಬಿಗಿಯುತ್ತಿದ್ದ ಸಾಬವ್ವ ಎಲ್ಲ ಕೇಳಿಸಿಕೊಂಡಿದ್ದಳು. ಮಗಳ ಮನಸ್ಸು ಅವಳಿಗೆ ಮೊದಲೇ ಗೊತ್ತಿತ್ತು. ಸೆರಗಿನಿಂದ ಬೆವರು ಒರೆಸಿಕೊಂಡು ಪಕ್ಕ ಬಂದು ಕೂತಳು.

“ಆ ಹುಡುಗ ತಪ್ಪಾತು ಅಂದ ನೋಡು.”

“ಅಂದ್ರೇನಾತು ಯವ್ವಾ?”

“ಏನೂ ಆಗಿಲ್ಲ ಅನಬ್ಯಾಡ ಬೇ. ರಾಶಿಗಿ ಹೋದಲ್ಲಿ ನನಗ ಹೊರಗ ನಿಂದ್ರಸ್ಯಾರ, ನೀರು ಮ್ಯಾಲಿಂದ ಬೊಗಸಿಗಿ ಹಾಕ್ಯಾರ. ಇಷ್ಟು ವರ್ಷದಾಗ ನನಗ ಯಾರೂ ಬಂದು ತಪ್ಪಾತು ಅಂದಿಲ್ಲ.”

ಪಂಚಶೀಲಾ ಅವ್ವನ ಮುಖ ನೋಡಿದಳು. ಇಷ್ಟು ವರ್ಷ ಅವ್ವ ಇದನ್ನು ಹೇಳಿಕೊಂಡಿರಲಿಲ್ಲ.

“ಆದ್ರ...” ಸಾಬವ್ವ ಕಟ್ಟಿನ ಹಗ್ಗ ಜಗ್ಗಿದಳು. “ಆಂವ ತಪ್ಪು ಮಾಡಿದ್ದು ನಾಕು ಮಂದಿ ಮುಂದ. ತಪ್ಪಾತು ಅಂದಿದ್ದು ಯಾರೂ ಇಲ್ಲದ ಹೊಲದಾಗ. ಆ ನಾಕು ಮಂದಿ ಮುಂದನ ಅನ್ನಲಿ. ನೀ ಯಾಕ ಇಲ್ಲಿ ಬಂದು ಕುಂತಿ? ಓಣಿ ಕೇಳಿದಾಂವ ಉಣ್ಣಾಕತ್ತಾನ, ಓಣಿ ಹೇಳಿದಾಕಿ ಮನಿ ಸೇರ್ಯಾಳ! ಹೋಗು. ಆಂವ ಅಂತಾನೋ ಇಲ್ಲೋ, ಕಣ್ಣೀಲೆ ನೋಡಿ ಬಾ.”

ಧರ್ಮರಾಜ ಊಟಕ್ಕೆ ಬರುವ ದಿನವನ್ನೇ ಗೊತ್ತುಮಾಡಿಕೊಂಡು ಪಂಚಶೀಲಾ ಕಡಗಂಚಿಯಲ್ಲಿ ಇಳಿದಳು. ಮಧ್ಯಾಹ್ನದ ಹೊತ್ತು. ಎಂಟು ತಿಂಗಳು ಹಿಂದಿನ ಬಾಗಿಲಿನಿಂದ ಒಳಹೋಗುತ್ತಿದ್ದವಳು ಇವತ್ತು ಮುಂದಿನ ಬಾಗಿಲಿನ ಮೆಟ್ಟಿಲು ಹತ್ತಿದಳು.

ಕಣ್ಣಿಗೆ ಮೊದಲು ಬಿದ್ದದ್ದು ಗೋಡೆಯ ಬೋರ್ಡು. ‘ತಾಟಿನಲ್ಲಿ ಕೈ ತೊಳೆಯಬಾರದು’ ಎಂಬುದರ ಕೆಳಗೆ ಹೊಸ ಬಣ್ಣದಲ್ಲಿ ಇನ್ನೊಂದು ಸಾಲು: ‘ಬಡಿಸುವವರ ಓಣಿ ಕೇಳಬಾರದು.’

ಗುರುಶಾಂತನದೇ ಅಕ್ಷರ! ಒಂದು ಕ್ಷಣ ಅವಳ ಮನಸ್ಸು ಕರಗಿತು. ಮರುಕ್ಷಣ ಗಟ್ಟಿಯಾಯಿತು. ‘ಗೋಡೆಗೆ ಬರೆಯುವುದು ಸುಲಭ... ಬಾಯಿ ಬಿಟ್ಟು ಹೇಳುವನೋ ನೋಡಬೇಕು.’

ಧರ್ಮರಾಜ ತನ್ನ ಜನರ ಜೊತೆ ಮೂಲೆಯಲ್ಲಿ ಕೂತಿದ್ದ. ಪಂಚಶೀಲಾ ನಡುವಿನ ಖಾಲಿ ಟೇಬಲ್ಲಿಗೆ ಹೋಗಿ ಖುರ್ಚಿ ಎಳೆದು ಕೂತಳು. ನೂರಾರು ಜನಕ್ಕೆ ಬಡಿಸಿದ ಜಾಗದಲ್ಲಿ ಒಂದು ದಿನವೂ ಅವಳು ಕೂತಿರಲಿಲ್ಲ. ಅವಳ ಊಟ ಯಾವಾಗಲೂ ಒಳಗೆ, ಒಲೆಯ ಮಗ್ಗುಲಲ್ಲಿ.

“ಊಟ ಕೊಡ್ರಿ,” ಅಂದಳು.

ರೊಟ್ಟಿ ಬುಟ್ಟಿ ಹಿಡಿದಿದ್ದ ಗುರುಶಾಂತ ನಿಂತಲ್ಲೇ ನಿಂತ.

ಧರ್ಮರಾಜ ನಕ್ಕ. “ಏನಪಾ ಗುರುಶಾಂತ, ಬಡಿಸೋದು ಬಿಟ್ಟು ಈಗ ನಮ್ಮ ಮಗ್ಗಲದಾಗ ಕೂಡಾಕತ್ತಾಳೇನು? ಆಕಿಗಿ ಎಬ್ಬಸು. ಇಲ್ಲಾಂದ್ರ ನಾವು ಎದ್ದು ಹೋಗ್ತೇವಿ. ನಮ್ಮ ಹಿಂದ ಎಷ್ಟು ಗಿರಾಕಿ ಹೋಗ್ತಾವ, ಇಚಾರ ಮಾಡು!”

ಗುರುಶಾಂತ ಅವಳ ಕಡೆ ನೋಡಿದ. ಈ ಸಲ ನೇರ ಕಣ್ಣಿಗೇ ನೋಡಿದ. ಅವಳೂ ಕಣ್ಣು ತಗ್ಗಿಸಲಿಲ್ಲ.

‘ಒಳಗ ಹೋಗು ಅನ್ನಬೇಡಿ... ಇನ್ನೊಮ್ಮೆ ಅನ್ನಬೇಡಿ...’

“ಸಾವಕಾರ್ರ,” ಅವನ ದನಿ ಒಡೆದಿತ್ತು, ಆದರೂ ನಿಲ್ಲಲಿಲ್ಲ. “ಅವತ್ತ ಈಕಿ ಕೈಯಾಗಿನ ಬುಟ್ಟಿ ಕಸಗೊಂಡು ನಿಮಗ ನಾ ಬಡಿಸಿದೆ. ಎಲ್ಲಾರ ಮುಂದ ಮಾಡೀನಿ. ಅದಕ್ಕ ಎಲ್ಲಾರ ಮುಂದ ಹೇಳಾಕತ್ತೇನಿ.” ಅವಳ ಕಡೆ ತಿರುಗಿ ಕೈ ಮುಗಿದ. “ತಪ್ಪಾತು ಪಂಚಶೀಲಾ. ನಿನ್ನ ಇಜ್ಜತ್ ಕಳದಾಂವ ಆಂವ ಒಬ್ಬನೇ ಇರಲಿಲ್ಲ. ನಾನೂ ಇದ್ದೆ.”

ಅವನು ಮೂಲೆಯ ಟೇಬಲ್ಲಿನ ಕಡೆ ತಿರುಗಿದ.

“ಇಲ್ಲಿ ಈಕಿ ಕೂಡ್ತಾಳ, ಈಕಿನೇ ಬಡಿಸ್ತಾಳ. ಅದು ಆಗಂಗಿಲ್ಲ ಅನ್ನೋರಿಗಿ ಬಾಗಲಾ ತೆರದದರಿ.”

ಧರ್ಮರಾಜ ಖುರ್ಚಿ ಹಿಂದೆ ಬೀಳುವಂತೆ ಎದ್ದ. “ಗೌರಾಬಾಯಿ! ನಿನ್ನ ಮಗ ಏನು ಅನ್ನಾಕತ್ತಾನ, ಕೇಳಸ್ತೇನು?”

ರೊಟ್ಟಿ ಬಡಿಯುವ ಸದ್ದು ನಿಂತಿತು.

ಗೌರಾಬಾಯಿ ಹೊರಗೆ ಬಂದಳು. ಮೊಳಕೈವರೆಗೆ ಹಿಟ್ಟು. ಅಂಗೈಯಲ್ಲಿ ಆಗಷ್ಟೇ ಹಂಚಿನಿಂದ ಇಳಿಸಿದ ರೊಟ್ಟಿ. ನೆಟ್ಟಗೆ ಪಂಚಶೀಲಾಳ ಬಳಿ ಬಂದು, ಅವಳ ಮುಂದೆ ತಾಟು ಇಟ್ಟು, ರೊಟ್ಟಿಯನ್ನು ಅದರಲ್ಲಿ ಹಾಕಿದಳು.

“ಕೇಳಸ್ತರಿ ಸಾವಕಾರ್ರ. ಅವತ್ತೂ ಕೇಳಸಿತ್ತು. ಕೇಳಿ ಸುಮ್ಮ ಕುಂತೆ, ಅದು ನಂದೂ ತಪ್ಪೇ. ಎಂಟು ತಿಂಗಳು ಈಕಿ ಬಡಿಸಿದ್ದು ಉಂಡೀರಿ. ಒಂದಿನರ ಹೊಟ್ಟಿ ನೋಯ್ತೇನು?”

ಯಾರೋ ಕಿಸಕ್ಕನೆ ನಕ್ಕರು. ಧರ್ಮರಾಜ ಕೆಂಪಾಗಿ ಚಪ್ಪಲಿ ಸಪ್ಪಳ ಮಾಡುತ್ತ ಹೊರಟ. ಅವನ ಹಿಂದೆ ಮೂವರು ಹೋದರು. ನಾಲ್ಕನೆಯವನು, ಅವನ ಡ್ರೈವರ್, ತಲೆ ಎತ್ತದೆ ತನ್ನ ತಾಟಿನ ಊಟ ಮುಗಿಸತೊಡಗಿದ.

ಗುರುಶಾಂತ ಪುಂಡಿಪಲ್ಲೆ ಬಡಿಸಿದ. ಶೇಂಗಾ ಹಿಂಡಿ ಹಾಕಿ ಮೊಸರು ಬಿಟ್ಟ. ಪಂಚಶೀಲಾ ಮೊದಲ ತುತ್ತು ಬಾಯಿಗಿಟ್ಟಾಗ ಅವತ್ತು ಒಳಗೆ ಹೋದ ಮೇಲೆ ಬಂದಿದ್ದ ಅಳು ಇವತ್ತು ಎಲ್ಲರ ಮುಂದೆಯೇ ಬಂತು. ಅವಳು ಅದನ್ನು ಮುಚ್ಚಲಿಲ್ಲ. ಅವನೂ ‘ಒಳಗೆ ಹೋಗು’ ಅನ್ನಲಿಲ್ಲ. ನೀರಿನ ಗ್ಲಾಸನ್ನು ಹತ್ತಿರ ಸರಿಸಿ ಪಕ್ಕದಲ್ಲೇ ನಿಂತ.

ಎರಡನೆಯ ರೊಟ್ಟಿ ಹಾಕಿದ. ಮೂರನೆಯದೂ ಹಾಕಿದ.

“ಅವ್ವಗ ನಮ್ಮ ವಿಷಯ ಹೇಳೀನಿ,” ಎಂದ ಮೆಲ್ಲಗೆ. “ಹೊಲದಿಂದ ಬಂದ ದಿನಾನೇ.”

“ಅವ್ವಾರು ಏನಂದ್ರು?”

“ಮೊದಲ ಆಕಿ ಮುಂದ ತಲಿ ಎತ್ತಿ ನಿಂದ್ರೋದು ಕಲಿ, ಆಮ್ಯಾಲ ಕೇಳು ಅಂದಳು.”

ಅವಳ ತುಟಿಯ ಮೇಲೆ ಕಂಡೂ ಕಾಣದ ನಗು ಮೂಡಿತು.

“ಈಗ ಕೇಳಾಕತ್ತೇನಿ, ಪಂಚಶೀಲಾ. ನಮ್ಮ ಮನಿಗಿ ಬರ್ತೀಯೇನು? ಮುಂದಿನ ಬಾಗಲಲಿಂದ?”

ಅವನು ನಾಲ್ಕನೆಯ ರೊಟ್ಟಿ ಎತ್ತಿ ಹಿಡಿದು ಕಾದ. ಕೈ ಅಡ್ಡ ಬರಲಿಲ್ಲ.

“ತಾಟಿನ ಮ್ಯಾಲ ಕೈ ಇಟ್ಟಿಲ್ಲ ನೀ...”

“ಇಡಂಗಿಲ್ಲರಿ.”

ಗುರುಶಾಂತನ ಕಣ್ಣು ತುಂಬಿಬಂದವು. ರೊಟ್ಟಿಯನ್ನು ಅವಳ ತಾಟಿಗೆ ಹಾಕಿದ.

“ಆದ್ರ ನಾಳಿಂದ ಆ ಬುಟ್ಟಿ ನನ್ನ ಕೈಯಾಗ ಇರಬೇಕು,” ಅಂದಳು ಪಂಚಶೀಲಾ.

“ಇರ್ತದ. ಇನ್ನ ಕಸಗೊಳ್ಳಂಗಿಲ್ಲ.”