ಒಂದೇ ಹೆಸರಿನ ಎರಡು ಚಿಪ್

ಮಂಗಳವಾರ ಬೆಳಿಗ್ಗೆ ಕಂಪ್ಯೂಟರಿನ ಪರದೆ ನೀಲಿಯಾಗಿ ಯಂತ್ರ ನಿಂತುಹೋಯಿತು. ಪೂನಮ್ ಯಂತ್ರವನ್ನು ಮತ್ತೆ ಚಾಲೂ ಮಾಡಿ ಸಂಕಲಿಸಿದ ಮದುವೆಯ ವಿಡಿಯೋ ಕೊನೆಯ ರೂಪಕ್ಕೆ ಬರಲೆಂದು ರೆಂಡರ್‌ಗೆ ಹಾಕಿದಳು. ಮತ್ತೆ ನೀಲಿ. ಆಕೆ ಎದ್ದು ಸ್ಟುಡಿಯೋ ಮಾಲೀಕ ರೇಣುಕಾಪ್ರಸಾದ ಸ್ವಾಮಿಯನ್ನು ಕರೆದಳು.

"ಅಣ್ಣಾ, ಇದರಾಗಿನ ಪ್ರೊಸೆಸರ್ ನಮ್ದಲ್ಲ. ಯಾರೋ ಬದಲಿ ಮಾಡ್ಯಾರ."

ರೇಣುಕಾಪ್ರಸಾದ ಪರದೆ ನೋಡಿದ. ಅದೇ ಕಂಪನಿ, ಅದೇ ಮಾದರಿ. ಮಧ್ಯಾಹ್ನದೊಳಗೆ ಆತ ಉಮರ್ಗಾ ಪೊಲೀಸ್ ಠಾಣೆಯಲ್ಲಿದ್ದ. ದೂರು ಕೊಟ್ಟಿದ್ದು ಪೂನಮ್ ಮೇಲೆ.

*

ಫೌಜದಾರ ಮನೀಷಾ ಬಿರಾಜದಾರ ಹೆದ್ದಾರಿಯ ಪಕ್ಕದ ಸ್ಟುಡಿಯೋಕ್ಕೆ ಬಂದಳು. ದೂರು ಸರಳವಾಗಿತ್ತು. ಪೂನಮ್ ಪ್ರೊಸೆಸರನ್ನು ಕಾರ್ಖಾನೆ ನಿಗದಿ ಮಾಡಿದ್ದಕ್ಕಿಂತ ಹೆಚ್ಚಿನ ವೇಗದಲ್ಲಿ ಓಡಿಸುತ್ತಿದ್ದಳು. ತಿಂಗಳ ಕೊನೆಗೆ ಉದಗೀರದ ಗುರುಶಾಂತನ ಸ್ಟುಡಿಯೋ ಸೇರುವವಳಿದ್ದಳು. ಹೋಗುವ ಮುನ್ನ ಬೇಕೆಂದೇ ಚಿಪ್ ಸುಟ್ಟಿದ್ದಾಳೆ ಎಂಬುದು ರೇಣುಕಾಪ್ರಸಾದನ ಆರೋಪ.

ಸುದ್ದಿ ಆಗಲೇ ಉದಗೀರ ಮುಟ್ಟಿತ್ತು. ಹೆಸರು ತೊಳೆದುಕೊಳ್ಳುವವರೆಗೆ ಬರಬೇಡ ಎಂದು ಗುರುಶಾಂತ ಫೋನ್ ಮಾಡಿದ್ದ. ಇಲ್ಲಿಯ ಕೆಲಸ ಹೋಗಿತ್ತು, ಅಲ್ಲಿಯದು ಬಾಗಿಲಲ್ಲೇ ನಿಂತಿತ್ತು.

ಪೂನಮ್ ಅಳಲಿಲ್ಲ. ಯಂತ್ರವನ್ನು ಕಾರ್ಖಾನೆಯ ವೇಗಕ್ಕೆ ಇಳಿಸಿ ರೆಂಡರ್ ಹಚ್ಚಿದಳು. ಪರದೆ ನೀಲಿಯಾಗಲಿಲ್ಲ. ಚಿಪ್ ಸುಟ್ಟಿಲ್ಲ ಎಂಬುದು ಅಷ್ಟಕ್ಕೇ ಸ್ಪಷ್ಟವಾಯಿತು. ಬಳಿಕ ವೇಗವನ್ನು ತನ್ನ ಐದು ಗಿಗಾಹರ್ಟ್ಸ್‌ಗೆ ಏರಿಸಿದಳು. ನೀಲಿ. ವೋಲ್ಟೇಜ್ ಹೆಚ್ಚಿಸಿದಾಗ ಆ ವೇಗ ತಾಳಿತು, ಆದರೆ ಬಿಸಿ ಮಿತಿ ದಾಟಲು ಬಂತು. ವೇಗ ಏರಿಸುವುದು ಯಾರಿಗಾದರೂ ಬರುತ್ತದೆ, ಅದನ್ನು ಕಡಿಮೆ ವೋಲ್ಟೇಜಿನಲ್ಲಿ, ತಂಪಾಗಿ, ಗಂಟೆಗಟ್ಟಲೆ ಉಳಿಸುವುದೇ ಕೆಲಸ ಎಂದು ವಿವರಿಸಿದಳು. ಅವಳ ಚಿಪ್ ಒಂದೂಕಾಲು ವೋಲ್ಟಿನಲ್ಲೇ ತಾಳುತ್ತಿತ್ತು. ಇದು ತಾಳುತ್ತಿಲ್ಲ.

"ಮಾದರಿ ಒಂದೇ ಅದ ಅಲ್ಲ?" ಮನೀಷಾ ಕೇಳಿದಳು.

"ಒಂದೇ ಭಟ್ಟಿ ಇಟ್ಟಂಗಿ ಇದ್ಹಂಗ್ರೀ ಮ್ಯಾಡಮ್. ನೋಡ್ಲಾಕ ಎಲ್ಲಾ ಒಂದೇ. ಒಂದು ಭಾರ ತಡೀತದ, ಒಂದು ಬಿರೀತದ."

"ಸವೆದಿರಬೇಕು" ಎಂದ ರೇಣುಕಾಪ್ರಸಾದ.

ಸವೆದಿದ್ದರೆ ದಿನದಿಂದ ದಿನಕ್ಕೆ ಕುಸಿಯಬೇಕಿತ್ತು ಎಂದಳು ಪೂನಮ್. ಸೋಮವಾರ ಬೆಳಿಗ್ಗೆ ಇದೇ ಯಂತ್ರ ಒಂದು ಇಡೀ ಮದುವೆಯನ್ನು ರೆಂಡರ್ ಮಾಡಿ ಮುಗಿಸಿತ್ತು. ಅದನ್ನು ಆತನೂ ಒಪ್ಪಿದ.

ಸೋಮವಾರ ಮಧ್ಯಾಹ್ನ ಸ್ಟುಡಿಯೋಕ್ಕೆ ಬೀಗ ಹಾಕಿದ್ದರು. ರೇಣುಕಾಪ್ರಸಾದನ ಮನೆಯವರು ಕಾಸಾರಶಿರಸಿಯ ನೆಂಟರ ಮಗುವಿನ ಅಯ್ಯಾಚಾರ ದೀಕ್ಷೆಗೆ ಹೋಗಿದ್ದರು. ಬೀಗದ ಕೈ ಎರಡು. ಒಂದು ಪೂನಮ್ ಹತ್ತಿರ, ಇನ್ನೊಂದು ರೇಣುಕಾಪ್ರಸಾದನ ಮನೆಯ ಗೂಟಕ್ಕೆ.

ಮನೀಷಾ ಸುತ್ತ ನೋಡಿದಳು. ಪ್ರಿಂಟರು, ಬ್ಯಾಟರಿ, ಬಾಗಿಲ ಚೌಕಟ್ಟು, ಎಲ್ಲದರ ಮೇಲೂ ವಿಭೂತಿಯ ಗೆರೆ. ರೇಣುಕಾಪ್ರಸಾದನ ತಂದೆ ಕಾಶಿನಾಥಯ್ಯ ಸೋಮವಾರ ಬೆಳಿಗ್ಗೆ ಬಂದು ಹಚ್ಚುತ್ತಾರೆ. ಎಲ್ಲೆಡೆ ಮೇಲಿನ ಗೆರೆ ಗಟ್ಟಿ, ಕೆಳಗಿನದು ಗಟ್ಟಿ, ನಡುವಿನದು ಇದ್ದೂ ಇಲ್ಲದಂತೆ. ಕಂಪ್ಯೂಟರ್ ಡಬ್ಬಿಯ ಮೇಲೆ ಮಾತ್ರ ಮೂರೂ ಗಟ್ಟಿ. ಅವು ಪಕ್ಕದ ಮುಚ್ಚಳದ ಸಂದಿನ ಮೇಲೆ ಹಾದಿದ್ದವು. ಮುಚ್ಚಳ ಜಾರಿಸಿದರೆ ಗೆರೆ ಮುರಿಯಲೇಬೇಕು.

ಮನೀಷಾ ಫೋಟೋ ತೆಗೆದುಕೊಂಡಳು.

*

ಮೊದಲ ಅನುಮಾನ ಉದಗೀರದ ಮೇಲೆ. ಮದುವೆಯ ಹಂಗಾಮಿನಲ್ಲಿ ಉಮರ್ಗಾದ ಯಂತ್ರ ಕೆಟ್ಟರೆ ಗಿರಾಕಿ ಹೋಗುವುದು ಗುರುಶಾಂತನ ಕಡೆಗೆ. ಪೂನಮ್ ಬೀಗದ ಕೈ ಕೊಟ್ಟಿದ್ದರೆ ದಾರಿಯೂ ಸುಲಭ.

ಆದರೆ ಸೋಮವಾರ ಗುರುಶಾಂತ ಉದಗೀರದ ಮಂಗಲ ಕಾರ್ಯಾಲಯವೊಂದರಲ್ಲಿ ಮದುವೆ ಚಿತ್ರೀಕರಿಸುತ್ತಿದ್ದ. ವಿಡಿಯೋದ ತುಂಬ ಅವನದೇ ದನಿ, ವರನ ಗೆಳೆಯರನ್ನು ಬೈಯುತ್ತಿದ್ದ ದನಿ. ಪ್ರೊಸೆಸರ್ ವಿಷಯ ತೆಗೆದಾಗ ಅವನು ನಕ್ಕ.

"ನಾ ಕ್ಯಾಮೆರಾದಂವ್ರೀ ಮ್ಯಾಡಮ್. ಡಬ್ಬಿ ಒಳಗ ಏನದ ಅಂತ ನನಗ ಗೊತ್ತಿದ್ರ ಪೂನಮ್‌ಗ ಯಾಕ ಕರೀತಿದ್ದೆ?"

ಅದರಲ್ಲಿ ಹುರುಳಿತ್ತು. ಪ್ರೊಸೆಸರ್ ಬದಲಾದರೆ ಅವರ ಯಂತ್ರ ಹಳೆಯ ಸೆಟ್ಟಿಂಗ್ ಬಿಟ್ಟು ಕಾರ್ಖಾನೆಯ ವೇಗಕ್ಕೆ ಮರಳುತ್ತದೆ ಎಂದು ಪೂನಮ್ ಹೇಳಿದ್ದಳು. ಅವಳು ಇಟ್ಟಿದ್ದ ವೇಗ, ವೋಲ್ಟೇಜಿನ ಅಂಕಿಗಳನ್ನು ಯಾರೋ ಮತ್ತೆ ತುಂಬಿದ್ದರು. ಅದು ಕ್ಯಾಮೆರಾದವನ ಕೆಲಸವಲ್ಲ.

*

ಕಾಶಿನಾಥಯ್ಯ ಪಡಸಾಲೆಯಲ್ಲಿ ಕುಳಿತಿದ್ದರು. ಚಹಾದ ಬಟ್ಟಲು ಹಿಡಿದ ಬಲಗೈಯ ನಡುಬೆರಳು ಮಡಚಿಕೊಂಡೇ ಇತ್ತು. ಹಿಂದೊಮ್ಮೆ ಟೆಂಪೋ ಬಾಗಿಲಿಗೆ ಸಿಕ್ಕಿತ್ತಂತೆ. ಪೂನಮ್ ಮುಚ್ಚಳ ತೆಗೆದಾಗ ವಿಭೂತಿ ಹಚ್ಚುತ್ತಾಳೆಯೇ ಎಂದು ಮನೀಷಾ ಕೇಳಿದಳು. ಇಲ್ಲ, ಮುಂದಿನ ಸೋಮವಾರದವರೆಗೆ ಹಾಗೇ ಬಿಡುತ್ತಾಳೆ, ಅದು ತನ್ನ ಕೆಲಸ ಎಂದರು ಅಯ್ಯ.

ಅವರ ಹೆಂಡತಿ ಗುರಮ್ಮ ಮೊಣಕಾಲು ನೋವೆಂದು ಸೋಮವಾರ ಮನೆಯಲ್ಲೇ ಉಳಿದಿದ್ದರು. ಯಾರೂ ಬಂದಿರಲಿಲ್ಲ, ಬೀಗದ ಕೈ ಯಾರೂ ಕೇಳಿರಲಿಲ್ಲ ಎಂದರು. ಮನೀಷಾ ಎದ್ದು ಬಾಗಿಲವರೆಗೆ ಹೋದವಳು ನಿಂತಳು.

"ಅಮ್ಮಾ, ಮನಿಯವ್ರು ಯಾರರೆ ಬಂದಿದ್ರೇನು?"

"ಸಿದ್ಧೂ ಬಂದಿದ್ದ. ಧೂಳ ಹೊಡೀತೀನಿ ಅಂತ ಕೀಲಿ ಒಯ್ದು ತಂದಿಟ್ಟ. ಅಂವಾ ಬಂದ್ರ ಅದು ಬಂದಂಗೇನವ್ವ?"

ಸಿದ್ಧೂ ಎಂದರೆ ಸಿದ್ಧೇಶ್ವರ. ಕಾಶಿನಾಥಯ್ಯನ ತಮ್ಮನ ಮಗ. ನಿಲಂಗಾದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟವನು.

*

ಮನೀಷಾ ಸಾದಾ ಬಟ್ಟೆಯಲ್ಲಿ ನಿಲಂಗಾಕ್ಕೆ ಹೋದಳು. ಜೊತೆಗೆ ಠಾಣೆಯ ಒಂದು ಕೆಟ್ಟ ಕಂಪ್ಯೂಟರ್. ಸಿದ್ಧೇಶ್ವರ ಹಸನ್ಮುಖಿ, ಕೈ ಚುರುಕು. ಮುಚ್ಚಳ ತೆಗೆದ, ಒಳಗಿನ ಮೆಮೊರಿ ಪಟ್ಟಿಗಳನ್ನು ಒರೆಸಿ ಕೂರಿಸಿದ, ಯಂತ್ರ ಎದ್ದಿತು. ಮುಚ್ಚಳ ಹಾಕಿದ. ಡ್ರಾಯರಿನಿಂದ ವಿಭೂತಿ ಗಟ್ಟಿ ತೆಗೆದು ಮೂರು ಬೆರಳಿಗೆ ಹಚ್ಚಿಕೊಂಡು ಡಬ್ಬಿಯ ಮೇಲೆ ಎಳೆದ. ಮೂರೂ ಗಟ್ಟಿ ಗೆರೆ.

"ಎಲ್ಲಾ ಯಂತ್ರಕ್ಕೂ ಹಚ್ಚತೀರೇನು?"

"ಸಣ್ಣಂವ ಇದ್ದಾಗ ದೊಡ್ಡಪ್ಪ ಕಲಿಸ್ಯಾರ್ರೀ. ಕೈ ತಾನೇ ಹೋಗತದ."

ಮನೀಷಾ ಗುರುತಿನ ಚೀಟಿ ತೋರಿಸಿದಳು.

*

ಅವನ ಸ್ವಂತ ಯಂತ್ರದಲ್ಲಿದ್ದ ಪ್ರೊಸೆಸರನ್ನು ಪಂಚರ ಎದುರು ಬಿಚ್ಚಿ ಉಮರ್ಗಾಕ್ಕೆ ತಂದರು. ಪೂನಮ್ ಅದನ್ನು ಕೂರಿಸಿ, ಹಳೆಯ ಅಂಕಿ ತುಂಬಿ, ರೆಂಡರ್ ಹಚ್ಚಿದಳು. ಐದು ಗಿಗಾಹರ್ಟ್ಸ್, ಒಂದೂಕಾಲು ವೋಲ್ಟ್. ಸಂಜೆವರೆಗೂ ಓಡಿತು.

ಸ್ಟುಡಿಯೋದಲ್ಲಿ ಎಲ್ಲರೂ ಇದ್ದರು. ಮನೀಷಾ ನಿಂತೇ ಹೇಳಿದಳು. ಮುಚ್ಚಳ ತೆಗೆದವರು ಮುರಿದ ಗೆರೆಯನ್ನು ಮತ್ತೆ ಎಳೆದಿದ್ದಾರೆ. ಪೂನಮ್ ಎಳೆಯುವವಳಲ್ಲ. ಮರೆಮಾಚಲೆಂದು ಎಳೆದಿದ್ದರೂ, ಅಯ್ಯನ ಮಡಚಿದ ನಡುಬೆರಳಿನಿಂದ ನಡುವಿನ ಗೆರೆ ಸರಿಯಾಗಿ ಮೂಡುವುದಿಲ್ಲ ಎಂಬುದು ದಿನಾ ಕಾಣುವ ಅವಳಿಗೆ ಗೊತ್ತು, ಹಾಗೇ ಎಳೆಯುತ್ತಿದ್ದಳು. ಎಳೆದವನು ಮರೆಮಾಚಲು ಎಳೆದಿಲ್ಲ, ರೂಢಿಯಿಂದ ಎಳೆದಿದ್ದಾನೆ. ಅಂಕಿ ತುಂಬಬಲ್ಲವನು, ಕೀಲಿ ಸಿಗುವವನು, ಯಂತ್ರ ಮುಚ್ಚಿದೊಡನೆ ವಿಭೂತಿಗೆ ಕೈ ಹಾಕುವವನು, ಮೂರೂ ಒಬ್ಬನೇ.

ಸಿದ್ಧೇಶ್ವರ ಒಪ್ಪಿಕೊಂಡ. ಇಂಟರ್ನೆಟ್ಟಿನಲ್ಲಿ ಯಾರ ಪ್ರೊಸೆಸರ್ ಹೆಚ್ಚು ವೇಗದಲ್ಲಿ ಓಡುತ್ತದೆ ಎಂಬ ಪಂದ್ಯವಿತ್ತು. ಅವನ ಚಿಪ್ ಅರ್ಧದಲ್ಲೇ ಕೈ ಕೊಡುತ್ತಿತ್ತು.

"ಎರಡೂ ನಾನೇ ತಂದಿದ್ದೆ. ಕೈಗೆ ಸಿಕ್ಕಿದ್ದು ಒಂದು ಇಲ್ಲಿ ಕೊಟ್ಟೆ. ಛಲೋದು ಆಕಿಗಿ ಹೋತು. ಕಿಮ್ಮತ್ತೂ ಒಂದೇ ಅದ. ಒಂದು ಒಯ್ದು ಒಂದು ಇಟ್ಟೀನಿ. ಕಳವು ಹೆಂಗಾತದ?"

"ಹಂಗಿದ್ರ ಆಕಿ ಅಂಕಿ ಯಾಕ ತಿರುಗಿ ತುಂಬಿದಿ?" ಎಂದಳು ಮನೀಷಾ. "ಕೆಟ್ಟ ಮ್ಯಾಲ ಆಕೀ ಹೆಸರು ಬರ್ಲಿ ಅಂತ ತಾನೇ?"

ಕಾಶಿನಾಥಯ್ಯ ಎದ್ದು ಹೋಗಿ ಧೋತರದ ಚುಂಗಿನಿಂದ ಡಬ್ಬಿಯ ಮೇಲೆ ಮುರಿದು ಉಳಿದಿದ್ದ ಮೂರು ಗೆರೆಗಳನ್ನು ಒರೆಸಿದರು. ಹೊಸದು ಹಚ್ಚಲಿಲ್ಲ. ಅದು ಸೋಮವಾರದ ಕೆಲಸ.

ರೇಣುಕಾಪ್ರಸಾದ ದೂರು ಹಿಂತೆಗೆದುಕೊಂಡ. ಉದಗೀರಕ್ಕೆ ತಾನೇ ಫೋನ್ ಮಾಡಿ, ತಪ್ಪು ತನ್ನದೆಂದು ಹೇಳಿದ. ಆಮೇಲೆ ಪೂನಮ್‌ಗೆ ಇಲ್ಲೇ ಇರು ಎಂದ. ಆಕೆ ಆಗಲೇ ಯಂತ್ರವನ್ನು ಮತ್ತೆ ಚಾಲೂ ಮಾಡಿ ಸೆಟ್ಟಿಂಗ್ ತೆರೆದಿದ್ದಳು. ತನ್ನ ಅಂಕಿಗಳನ್ನು ಒಂದೊಂದಾಗಿ ಅಳಿಸಿದಳು. ವೇಗ ಕಾರ್ಖಾನೆಯ ಮಟ್ಟಕ್ಕೆ ಇಳಿಯಿತು.

"ಇದ್ಯಾಕ?" ಎಂದ ರೇಣುಕಾಪ್ರಸಾದ.

"ನಾ ಹೋದ ಮ್ಯಾಲ ಇದರ ಬಿಸಿ ನೋಡೋರು ಯಾರ್ರೀ ಅಣ್ಣಾ" ಎಂದು ಪೂನಮ್ ತನ್ನ ಬೀಗದ ಕೈಯನ್ನು ಮೇಜಿನ ಮೇಲಿಟ್ಟಳು.