ಕಂಬಿಯ ಮೇಲಿನ ಮೂರು ಏಟು

ತಪ್ಪು ನಮ್ಮದೇ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಸೊಕ್ಕೆ ಊರಿನ ಹತ್ತಿರದ ಗುಡ್ಡದ ಮೇಲೆ, ಕಾಡಿನ ಬೆಂಕಿ ಕಾಯಲು ಕಟ್ಟಿದ ಹಳೇ ಗೋಪುರವಿದೆ. ಅದು ಬಿದ್ದುಹೋಗಬಾರದೆಂದು ನಾವು ಮೂವರು ಭಾನುವಾರ ಹೋಗಿ ದುರಸ್ತಿ ಮಾಡುತ್ತೇವೆ. ನಾನು ಗಾರೆಯವನು, ಸೈಫುಲ್ಲಾ ವೆಲ್ಡರ್, ಸಿದ್ದಲಿಂಗಮ್ಮ ಅಲ್ಲಿ ಕಾವಲಿದ್ದವರ ಮಗಳು.

ಎರಡು ವರ್ಷದ ಹಿಂದೆ, ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ನಾನೊಬ್ಬನೇ ಮೇಲೆ ಬಿರುಕು ಮುಚ್ಚುತ್ತಿದ್ದೆ; ಅವರಿಬ್ಬರೂ ಕೆಳಗೆ, ಗೋಪುರದ ಮುಂದುಗಡೆ ಇದ್ದರು. ಕಾವಲಿನವರು ಗಂಟೆಯಂತೆ ಬಾರಿಸುತ್ತಿದ್ದ ರೈಲು ಕಂಬಿಯ ತುಂಡಿಗೆ ಕೆಂಪು ಬಣ್ಣ ಬಳಿದು, ಪಕ್ಕದಲ್ಲೇ ಗೋಣಿಚೀಲದ ಮೇಲೆ ಒಣಗಲು ಇಟ್ಟಿದ್ದೆ. ಇದ್ದಕ್ಕಿದ್ದಂತೆ ಜೀರುಂಡೆಗಳ ಸದ್ದು ನಿಂತಿತು. ಆ ಉರಿಬಿಸಿಲಲ್ಲೂ ಕುತ್ತಿಗೆಗೆ ತಣ್ಣಗೆ ಗಾಳಿ ತಾಕಿತು. ಆಮೇಲೆ ಕಂಬಿ ಬಡಿದ ಸದ್ದು, ಮೂರು ಸಲ. ನನ್ನ ಕೈಯಲ್ಲಿದ್ದದ್ದು ಗಾರೆ ಮೆತ್ತುವ ಕರಣೆ ಮಾತ್ರ; ಕಂಬಿಯನ್ನು ನಾನು ಮುಟ್ಟಿರಲಿಲ್ಲ.

ಕೆಳಗಿನಿಂದ ಸಿದ್ದಲಿಂಗಮ್ಮ ಕೂಗಿದರು: "ಮೂರು ಏಟು ಅಂದ್ರೆ ಗೋಪುರದ ಬುಡದಾಗೇ ಬೆಂಕಿ! ನಮ್ಮಪ್ಪ ಹಂಗೇ ಬಡೀತಿದ್ದ. ಬೇಗ ಇಳೀರಿ!"

ಇಳಿದು ಹಿಂದೆ ಹೋಗಿ ನೋಡಿದರೆ, ಚಹಾ ಕಾಯಿಸಿ ನಾವು ಸರಿಯಾಗಿ ಆರಿಸದೆ ಬಿಟ್ಟ ಒಲೆಯಿಂದ ಒಣಹುಲ್ಲಿಗೆ ಬೆಂಕಿ ಹತ್ತಿ, ಹತ್ತಿಳಿಯಲು ಇದ್ದ ಒಂದೇ ಮರದ ಏಣಿಯ ಕಡೆಗೆ ಬರುತ್ತಿತ್ತು. ಹಸಿಸೊಪ್ಪಿನಿಂದ ಬಡಿದು ಆರಿಸಿದೆವು.

"ಯಾರು ಬಡಿದ್ರೋ, ನಿಮ್ಮ ಜೀವ ಉಳಿಸಿದ್ರು ನೋಡ್ರಿ," ಎಂದ ಸೈಫುಲ್ಲಾ.

ಮೇಲೆ ಹತ್ತಿದೆ. ಕಂಬಿ ಗೋಣಿಚೀಲದ ಮೇಲೇ ಇತ್ತು. ಹಸಿಬಣ್ಣ ಮೂರು ಕಡೆ ಎದ್ದುಹೋಗಿ ಕಬ್ಬಿಣ ಕಾಣುತ್ತಿತ್ತು. ಕೈಮುಗಿದೆ. ಈಗಲೂ ಹೋದಾಗಲೆಲ್ಲ ಮುಗಿಯುತ್ತೇನೆ. ಆ ಮೂರು ಕಡೆ ನಾವು ಮತ್ತೆ ಬಣ್ಣ ಬಳಿದಿಲ್ಲ. ಎರಡು ಮಳೆಗಾಲ ಕಳೆದರೂ ಅಲ್ಲಿ ತುಕ್ಕು ಹಿಡಿದಿಲ್ಲ.